ಕಕ್ಕಡದ ಮಳೆ, ಏಳು ಮೊಳೆ, ಒಂದು ಕೋವಿ

ಮಳೆಗಾಲದಲ್ಲಿ ಕೋವಿಗೆ ಯಾವ ಎಣ್ಣೆ ಹಚ್ಚಬೇಕು ಅಂತ ನಾನು ಕಲಿಯಲು ಶುರುಮಾಡಿದ್ದು ಮೂರು ವರ್ಷದ ಹಿಂದಿನ ಕೈಲ್‌ಪೊಳ್ದ್ ದಿನ, ಅಂದರೆ ಕೊಡಗಿನ ಆಯುಧಪೂಜೆಯ ಹಬ್ಬದಂದು. ಪೂಜೆ ಮುಗಿದಿತ್ತು, ಕಡಂಬುಟ್ಟು ಪಂದಿಕರಿ ಊಟವೂ ಆಗಿತ್ತು. ಮಧ್ಯಾಹ್ನ ಊರ ಮೈದಾನದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ. ನನ್ನ ಸರದಿ ಬಂತು. ಜೋಡಿ ನಳಿಗೆಯ ಕೋವಿ ಎತ್ತಿದೆ, ಗುರಿ ಹಿಡಿದೆ, ಒತ್ತಿದೆ. 'ಟಿಕ್' ಅಂದಿತು. ಅಷ್ಟೇ. ನಳಿಗೆಯನ್ನು ಗುರಿಯ ಕಡೆಗೇ ಹಿಡಿದು ಒಂದು ನಿಮಿಷ ಎಣಿಸಿದೆ. ತಡವಾಗಿ ಹೊತ್ತಿಕೊಳ್ಳುವ ತೋಟೆಯೂ (ಮದ್ದು ತುಂಬಿದ ಗುಂಡು) ಇರುತ್ತದೆ, ಹಾಗಾಗಿ ತಕ್ಷಣ ಮಡಚಿ ನೋಡಬಾರದು. ಆಮೇಲೆ ಎರಡನೇ ನಳಿಗೆ. ಅದೂ 'ಟಿಕ್'.

ಹಿಂದಿನಿಂದ ಮಾವ, "ಎಂತ ಮಾರಾಯ, ಕಾಯಿಗೆ ಸುಮ್ನೆ ಹೆದರಿಸ್ತಾ ಇದ್ದೀಯಾ?" ಅಂದರು. ಎಲ್ಲರೂ ನಕ್ಕರು. ತೋಟೆ ಹೊರಗೆ ತೆಗೆದು ನೋಡಿದರೆ ಹಿಂಭಾಗದ ಕೇಪಿನ (ಹೊಡೆತ ಬಿದ್ದಾಗ ಕಿಡಿ ಕೊಡುವ ಸಣ್ಣ ಮುಚ್ಚಳ) ಮೇಲೆ ಉಗುರಿನಲ್ಲಿ ಒತ್ತಿದಷ್ಟು ಸಣ್ಣ ಗುರುತು. ಕೋವಿಯ ಒಳಗಿನ ಸೂಜಿ ಕೇಪಿಗೆ ಹೊಡೆದಿದೆ, ಆದರೆ ಹೊಡೆತಕ್ಕೆ ಬಲ ಇಲ್ಲ.

ಮಾರನೇ ವಾರ ಕೋವಿ ರಿಪೇರಿ ಮಾಡುವ ಹಿರಿಯರೊಬ್ಬರ ಹತ್ತಿರ ಹೋದೆ. ಅವರು ಸ್ಕ್ರೂ ಬಿಚ್ಚಿ, ಒಳಗಿನ ಸೂಜಿಯನ್ನು ಹೊರಗೆ ಎಳೆದು ನನ್ನ ಅಂಗೈ ಮೇಲೆ ಇಟ್ಟರು. ಅದರ ಸುತ್ತ ಬೂದು ಬಣ್ಣದ ಮಡ್ಡಿ. ಧೂಳು, ಮಸಿ ಎಲ್ಲ ಕಲಸಿ ಅರ್ಧ ಗಟ್ಟಿಯಾಗಿತ್ತು.

"ಕೊಬ್ಬರಿ ಎಣ್ಣೆ ಯಾರು ಹಾಕಿದ್ದು?" ಅಂದರು.

"ನಾನೇ. ನಮ್ಮ ಅಜ್ಜನೂ ಅದನ್ನೇ ಹಾಕ್ತಾ ಇದ್ದರು."

"ಅಜ್ಜನ ಕೋವಿ ಎಲ್ಲಿ ನೇತಾಡ್ತಾ ಇತ್ತು?"

ಯೋಚನೆ ಮಾಡಿದೆ. ಅಡುಗೆಮನೆಯಲ್ಲಿ, ಒಲೆಯ ಪಕ್ಕದ ಗೋಡೆಯ ಮೊಳೆಯಲ್ಲಿ. ಬೆಳಿಗ್ಗೆ ಐದರಿಂದ ರಾತ್ರಿ ಹತ್ತರವರೆಗೆ ಸೌದೆ ಉರಿಯುತ್ತಿದ್ದ ಜಾಗ. ಅಲ್ಲಿ ಕೊಬ್ಬರಿ ಎಣ್ಣೆ ಗಟ್ಟಿಯಾಗುವ ಪ್ರಶ್ನೆಯೇ ಇಲ್ಲ, ಗಾಳಿಯ ತೇವ ಕಬ್ಬಿಣದ ಮೇಲೆ ಕೂರುವುದೂ ಇಲ್ಲ. ಅಜ್ಜನ ಕೋವಿಯನ್ನು ಕಾಪಾಡಿದ್ದು ಒಲೆ. ಹೆಸರು ಮಾತ್ರ ಎಣ್ಣೆಗೆ ಹೋಯಿತು. ಈಗ ನಮ್ಮದು ಗ್ಯಾಸ್ ಒಲೆ, ಕೋವಿ ಇರುವುದು ಮಹಡಿಯ ಬೀರುವಿನಲ್ಲಿ ಬೀಗದೊಳಗೆ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ. ಆಗಸ್ಟ್‌ನಲ್ಲಿ ನಮ್ಮ ಬಚ್ಚಲಿನ ಬಾಟಲಿಯಿಂದ ಎಣ್ಣೆ ಸುರಿದು ತಲೆಗೆ ಹಚ್ಚಿದ್ದೇ ನೆನಪಿಲ್ಲ, ಕಡ್ಡಿ ಹಾಕಿ ಕೆರೆದು ತೆಗೆಯಬೇಕು. ಕೋವಿಯ ಒಳಗೂ ಅದೇ ಆಗುತ್ತದೆ ಅಂತ ನನಗೆ ಯಾಕೆ ಹೊಳೆಯಲಿಲ್ಲವೋ.

ನಮ್ಮ ಮನೆ ಮಡಿಕೇರಿಯಿಂದ ಭಾಗಮಂಡಲಕ್ಕೆ ಹೋಗುವ ರಸ್ತೆಯ ಒಳಗೆ. ಕಳೆದ ವರ್ಷ ನಮ್ಮ ತೋಟದ ಲೆಕ್ಕದಲ್ಲಿ 160 ಇಂಚು ಮಳೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಚಪ್ಪಲಿಗೆ ಬೂಷ್ಟು, ಬೆಲ್ಟಿಗೆ ಬೂಷ್ಟು, ಮದುವೆ ಆಲ್ಬಮ್‌ಗೂ ಬೂಷ್ಟು. ಇದೇ ತಿಂಗಳುಗಳಲ್ಲಿ ಕೋವಿಗೆ ಕೆಲಸವೂ ಇಲ್ಲ. ಹಿಂದೆ ನಾಟಿ ಸಮಯದಲ್ಲಿ ಆಯುಧಗಳನ್ನು ದೇವರ ಕೋಣೆಯಲ್ಲಿ ಇಟ್ಟು, ಗದ್ದೆ ಕೆಲಸ ಮುಗಿದ ಮೇಲೆ ಕೈಲ್‌ಪೊಳ್ದ್‌ಗೆ ಹೊರಗೆ ತೆಗೆಯುತ್ತಿದ್ದರು. ಬೇಟೆ ಅಂತೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಇಲ್ಲ. ಕೈಲ್‌ಪೊಳ್ದ್‌ಗೆ ನಾಲ್ಕು ಈಡು (ಗುಂಡು), ಸುಗ್ಗಿಹಬ್ಬ ಪುತ್ತರಿಗೆ ಒಂದೆರಡು, ಊರಲ್ಲಿ ಸಾವಾದರೆ ಎರಡು, ಗಂಡು ಮಗು ಹುಟ್ಟಿದರೆ ಒಂದು. ವರ್ಷಕ್ಕೆ ಹತ್ತು ಈಡು ದಾಟುವುದಿಲ್ಲ. ಇಷ್ಟು ಕಡಿಮೆ ಹಾರುವ ಕೋವಿಗೆ ಸವೆತದ ಚಿಂತೆ ಇಲ್ಲ, ತುಕ್ಕಿನ ಚಿಂತೆ ಮಾತ್ರ. ಹೊರದೇಶದ ಎಣ್ಣೆಗಳ ಬಾಟಲಿ ಮೇಲೆ ಬರೆದಿರುವ ದೊಡ್ಡ ದೊಡ್ಡ ಮಾತುಗಳೆಲ್ಲ ದಿನಕ್ಕೆ ನೂರು ಗುಂಡು ಹಾರಿಸುವವರಿಗೆ. ನಮಗೆ ಬೇಕಾದ್ದು ಮೂರು ತಿಂಗಳು ಬೀರುವಿನಲ್ಲಿ ನಿದ್ದೆ ಮಾಡುವ ಕಬ್ಬಿಣಕ್ಕೆ ಒಂದು ಕಂಬಳಿ.

ಯಾವ ಕಂಬಳಿ ಅಂತ ನೋಡಲು ಮರುವರ್ಷ ಒಂದು ಪರೀಕ್ಷೆ ಮಾಡಿದೆ. ನಾಲ್ಕು ಇಂಚಿನ ಏಳು ಮೊಳೆ ತಂದೆ. ಉಪ್ಪುಕಾಗದದಲ್ಲಿ ಉಜ್ಜಿ ಹೊಳಪು ಬರಿಸಿದೆ. ಪೆಟ್ರೋಲ್‌ನಲ್ಲಿ ಅದ್ದಿ ಒರೆಸಿದೆ, ಇಲ್ಲದಿದ್ದರೆ ಅಂಗಡಿಯವರ ಎಣ್ಣೆಯೇ ಗೆದ್ದುಬಿಡುತ್ತದೆ. ಒಂದನ್ನು ಹಾಗೇ ಬಿಟ್ಟೆ. ಉಳಿದ ಆರಕ್ಕೆ ಒಂದೊಂದು ಎಣ್ಣೆ, ಹಳೇ ಬನಿಯನ್ ತುಂಡಿನಲ್ಲಿ ತೆಳುವಾಗಿ ಒರೆಸಿದೆ. ಕೊಬ್ಬರಿ ಎಣ್ಣೆ. ಡಬ್ಲ್ಯೂಡಿ-40 ಸ್ಪ್ರೇ. ಹೊಲಿಗೆ ಮೆಷಿನ್ ಎಣ್ಣೆ. ಕಳೆ ಕೊಚ್ಚುವ ಮೆಷಿನ್‌ಗೆ ಹಾಕುವ ಟೂ-ಟಿ ಆಯಿಲ್. ಜೀಪಿಗೆ ತಂದ ಹೊಸ 20ಡಬ್ಲ್ಯೂ-40 ಎಂಜಿನ್ ಆಯಿಲ್. ಕೊನೆಗೆ ತುಟಿಗೆ ಹಚ್ಚುವ ವ್ಯಾಸಲೀನ್. ನಮ್ಮ ಜಡಿಮಳೆಯ ತಿಂಗಳು ಕಕ್ಕಡ ಶುರುವಾದ ದಿನ, ಜುಲೈ 17ಕ್ಕೆ, ಹಿಂದಿನ ಜಗಲಿಯ ಸೂರಿನ ಕೆಳಗೆ ಸಾಲಾಗಿ ದಾರದಲ್ಲಿ ನೇತುಹಾಕಿದೆ. ಮಳೆ ನೇರವಾಗಿ ಬೀಳದು, ಎರಚಲೂ ಮಂಜೂ ಮಾತ್ರ ತಾಗುತ್ತದೆ. ಅವ್ವ ಬಂದು ನೋಡಿ, "ಇದೆಂತ, ಮಾಟ ಮಾಡಿಸಿದ್ದಾ?" ಅಂದರು.

ಬರೀ ಮೊಳೆ ಎರಡನೇ ಬೆಳಿಗ್ಗೆಗೇ ಕೆಂಪಾಯಿತು. ಕೊಬ್ಬರಿ ಎಣ್ಣೆಯದಕ್ಕೆ ಮೊದಲು ಇರುವೆ ಬಂತು, ಆಮೇಲೆ ತುಕ್ಕು. ಸ್ಪ್ರೇ ಹತ್ತು ದಿನ ತಡೆಯಿತು. ಟೂ-ಟಿ ಮತ್ತು ಹೊಲಿಗೆ ಮೆಷಿನ್ ಎಣ್ಣೆ ಸುಮಾರು ಮೂರು ವಾರ. ಎಂಜಿನ್ ಆಯಿಲ್ ಹಾಕಿದ ಮೊಳೆಯಲ್ಲಿ ಸೆಪ್ಟೆಂಬರ್ 2ರ ಸಂಜೆ ಕೆಳತುದಿಯಲ್ಲಿ ನಾಲ್ಕೈದು ಸಾಸಿವೆಯಷ್ಟು ಚುಕ್ಕೆ, ಬೇರೆ ಏನೂ ಇಲ್ಲ. ವ್ಯಾಸಲೀನ್ ಮೊಳೆ ದಾರ ಉಜ್ಜಿದ ಜಾಗ ಬಿಟ್ಟರೆ ಅಂಗಡಿಯಿಂದ ತಂದ ಹಾಗೇ ಇತ್ತು. ಇದು ವಿಜ್ಞಾನ ಅಂತ ನಾನು ಹೇಳುವುದಿಲ್ಲ, ಮೊಳೆ ಬೇರೆ ಕೋವಿ ಬೇರೆ. ಆದರೆ ನನ್ನ ಬೀರುವಿನ ಮಟ್ಟಿಗೆ ಸಾಕಾಯಿತು.

ಸ್ಪ್ರೇಯನ್ನು ಬೈಯಬೇಡಿ. ಡಬ್ಲ್ಯೂಡಿ ಅಂದರೆ ನೀರನ್ನು ದೂಡುವುದು ಅಂತ, 40 ಅಂದರೆ 40ನೇ ಪ್ರಯತ್ನದಲ್ಲಿ ಕೈಗೂಡಿದ್ದು ಅಂತ. ಹೆಸರಿನಲ್ಲೇ ಅದರ ಕೆಲಸ ಇದೆ. ಮಳೆಯಲ್ಲಿ ನೆನೆದು ಬಂದ ಕೋವಿಗೆ ಮೊದಲು ಅದನ್ನು ಹೊಡೆದು, ನೀರು ಹೊರಗೆ ಬಂದ ಮೇಲೆ ಒರೆಸಿ, ಅದರ ಮೇಲೆ ಬೇರೆ ಎಣ್ಣೆ ಹಚ್ಚಬೇಕು. ಅದರಲ್ಲಿರುವ ತೆಳು ದ್ರವ ಹಾರಿಹೋಗುತ್ತದೆ, ಉಳಿಯುವ ಪದರ ಬಹಳ ತೆಳು. ಅದೊಂದನ್ನೇ ನಂಬಿ ಕಕ್ಕಡ ಕಳೆಯಲಾಗದು.

ಈಗ ನಾನು ಮಾಡುವುದು ಹೀಗೆ. ಮೊದಲು ಕೋವಿ ಮಡಚಿ ಎರಡೂ ನಳಿಗೆ ಖಾಲಿ ಇದೆಯಾ ಅಂತ ಕಣ್ಣಲ್ಲಿ ನೋಡುತ್ತೇನೆ, ಬೆರಳು ಹಾಕಿಯೂ ನೋಡುತ್ತೇನೆ. ತೋಟೆಗಳು ಆ ಕೋಣೆಯಲ್ಲೇ ಇರುವುದಿಲ್ಲ. ಗಜದ (ನಳಿಗೆ ಉಜ್ಜುವ ಉದ್ದ ಸರಳು) ತುದಿಗೆ ಹಿತ್ತಾಳೆ ಬ್ರಷ್ ಹಾಕಿ ನಳಿಗೆಯ ಒಳಗೆ ಹತ್ತು ಸಲ ಎಳೆಯುತ್ತೇನೆ. ಆಮೇಲೆ ಹಳೇ ಪಂಚೆಯ ತುಂಡು, ಬಿಳಿ ಬಟ್ಟೆ ಬಿಳಿಯಾಗಿಯೇ ಹೊರಗೆ ಬರುವವರೆಗೆ. ನಂತರ ಎಂಜಿನ್ ಆಯಿಲ್ ಎರಡು ಹನಿ ಹಾಕಿ ಹಿಂಡಿದ ಬಟ್ಟೆ, ಒಳಗೂ ಹೊರಗೂ. ಕೈಯಲ್ಲಿ ಮುಟ್ಟಿದರೆ ಜಿಡ್ಡು ಅನ್ನಿಸಬೇಕು, ಕಣ್ಣಿಗೆ ಎಣ್ಣೆ ಕಾಣಬಾರದು. ಒಳಗಿನ ಸೂಜಿ, ಸ್ಪ್ರಿಂಗ್ ಇರುವ ಕಡೆ ಹೊಲಿಗೆ ಮೆಷಿನ್ ಎಣ್ಣೆ ಒಂದೇ ಹನಿ, ಇಂಜೆಕ್ಷನ್ ಸೂಜಿಯ ತುದಿಯಿಂದ. ಅದು ತೆಳು, ಚಳಿಗೆ ಗಟ್ಟಿಯಾಗದು. ನಳಿಗೆ ಮಡಚುವ ಕೀಲಿಗೆ ಅಕ್ಕಿ ಕಾಳಿನಷ್ಟು ಗ್ರೀಸ್, ಪಂಪ್‌ಸೆಟ್ಟಿಗೆ ತಂದದ್ದೇ. ಜೂನ್ ಮೊದಲ ವಾರ ಹೊರಮೈಗೆ ಮಾತ್ರ ವ್ಯಾಸಲೀನ್‌ನ ತೆಳು ಪದರ ಕೊಟ್ಟು ಬೀರುವಿಗೆ ಸೇರಿಸುತ್ತೇನೆ. ಆಮೇಲೆ ಬರಿಗೈಯಲ್ಲಿ ನಳಿಗೆ ಮುಟ್ಟುವುದಿಲ್ಲ. ನಮ್ಮ ಬೆವರಿನ ಉಪ್ಪು ಸಾಕು, ಹದಿನೈದು ದಿನದಲ್ಲಿ ಬೆರಳಿನ ಗುರುತು ಕಂದು ಬಣ್ಣದಲ್ಲಿ ಅಚ್ಚು ಬೀಳುತ್ತದೆ.

ಖರ್ಚು ಕೇಳಿದರೆ ನಗು ಬರುತ್ತದೆ. ಜೀಪಿಗೆ ಆಯಿಲ್ ಹಾಕಿದ ಮೇಲೆ ಡಬ್ಬದ ತಳದಲ್ಲಿ ಉಳಿಯುತ್ತದಲ್ಲ, ಅಷ್ಟು ಮೂರು ಕೋವಿಗೆ ಎರಡು ವರ್ಷ ಬರುತ್ತದೆ. ಆದರೆ ಹೊಸ ಆಯಿಲ್ ಮಾತ್ರ. ಜೀಪಿನಿಂದ ಇಳಿಸಿದ ಕಪ್ಪು ಆಯಿಲ್ ಹಚ್ಚುವವರನ್ನು ನೋಡಿದ್ದೇನೆ. ಅದರಲ್ಲಿ ಮಸಿ, ನೀರು, ಆಮ್ಲ ಎಲ್ಲ ಸೇರಿರುತ್ತದೆ. ತುಕ್ಕು ತಡೆಯಲು ತುಕ್ಕನ್ನೇ ಹಚ್ಚಿದ ಹಾಗೆ. ಇನ್ನೊಂದು, ಬ್ರೇಕ್ ಆಯಿಲ್. ಹೆಸರು ಆಯಿಲ್ ಅಂತ ಇದೆ, ಅಷ್ಟೇ. ಅದು ಗಾಳಿಯ ನೀರನ್ನು ಹೀರುತ್ತದೆ, ಬಣ್ಣವನ್ನೂ ಕಿತ್ತು ತೆಗೆಯುತ್ತದೆ. ನಮ್ಮ ನೆಂಟರ ಹುಡುಗನೊಬ್ಬ ಅದನ್ನು ಹಚ್ಚಿ, ಮರದ ಹಿಡಿಯ ಪಾಲಿಶ್ ಸುಲಿದು, ಕೋವಿಗೆ ಚರ್ಮರೋಗ ಬಂದ ಹಾಗೆ ಮಾಡಿಟ್ಟಿದ್ದ.

ಎಣ್ಣೆ ಜಾಸ್ತಿ ಹಾಕುವುದೂ ತಪ್ಪೇ. ಕೋವಿ ನೆಟ್ಟಗೆ ನಿಲ್ಲಿಸಿದರೆ ಎಣ್ಣೆ ಕೆಳಗಿಳಿದು ಮರದ ಹಿಡಿಗೆ ಸೇರುತ್ತದೆ. ಕಬ್ಬಿಣ ಮರ ಸೇರುವ ಜಾಗ ಕಪ್ಪಾಗಿ ಮೆತ್ತಗಾಗುತ್ತದೆ. ಅದಕ್ಕೇ ಎಣ್ಣೆ ಹಚ್ಚಿದ ಮೊದಲ ರಾತ್ರಿ ನಳಿಗೆಯ ಬಾಯಿ ಕೆಳಗೆ ಮಾಡಿ, ಅಡಿಗೆ ಪೇಪರ್ ಇಟ್ಟು ನಿಲ್ಲಿಸುತ್ತೇನೆ. ಈಡು ಹಾರಿಸುವ ದಿನ ಬೆಳಿಗ್ಗೆ ಒಣ ಬಟ್ಟೆ ಎಳೆದು ನಳಿಗೆಯ ಒಳಗಿನ ಎಣ್ಣೆ ತೆಗೆಯಲೇಬೇಕು. ಎಣ್ಣೆ ಕೈಯಲ್ಲಿ ತೋಟೆ ಮುಟ್ಟಬಾರದು, ಕೇಪಿನೊಳಗೆ ಇಳಿದರೆ ತೋಟೆ ಸತ್ತ ಹಾಗೆ.

ಮರಕ್ಕೆ ಅಗಸೆ ಎಣ್ಣೆ. ಬೇರೆ ಯಾವುದೂ ಬೇಡ. ಇದು ಒಣಗಿ ಪದರ ಆಗುವ ಎಣ್ಣೆ, ಅದಕ್ಕೇ ಮರಕ್ಕೆ ಒಳ್ಳೆಯದು, ಅದಕ್ಕೇ ಕಬ್ಬಿಣದ ಕೀಲಿಗೆ ಕೆಟ್ಟದ್ದು. ಉಜ್ಜಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಒಣಗುವಾಗ ಬಿಸಿಯಾಗಿ ತನ್ನಷ್ಟಕ್ಕೇ ಹೊತ್ತಿಕೊಳ್ಳಬಹುದು. ನಾನು ಕಾಫಿ ಕಣದಲ್ಲಿ ಹರಡಿ ಕಲ್ಲು ಇಡುತ್ತೇನೆ.

ನಳಿಗೆಯ ಬಾಯಿಂದ ಕರಿಮದ್ದು ತುಂಬುವ ಹಳೇ ಕೇಪಿನ ಕೋವಿಯದ್ದು ಬೇರೆಯೇ ಕಥೆ. ನಮ್ಮಲ್ಲಿ ಒಂದಿದೆ, ಪುತ್ತರಿಗೆ ಮಾತ್ರ ಹೊರಗೆ ಬರುತ್ತದೆ. ರಾತ್ರಿ ಗದ್ದೆಯಲ್ಲಿ ಕದಿರು ಕೊಯ್ಯುವಾಗ ಒಂದು ಈಡು ಹಾರಿಸಿ, "ಪೊಲಿ ಪೊಲಿ ದೇವಾ" ಕೂಗಿ, ಮನೆಗೆ ಬಂದು ಪಾಯಸ ಉಂಡು ಮಲಗಿಬಿಡುತ್ತಿದ್ದೆವು. ಮಳೆ ಇಲ್ಲದ ಕಾಲದಲ್ಲೂ ಒಂದೇ ವಾರಕ್ಕೆ ನಳಿಗೆಯ ಬಾಯಿ ಕೆಂಪು. ಕರಿಮದ್ದಿನ ಬೂದಿಯಲ್ಲಿ ಉಪ್ಪಿನ ಅಂಶ ಇರುತ್ತದೆ, ಅದು ಗಾಳಿಯ ತೇವ ಎಳೆದುಕೊಳ್ಳುತ್ತದೆ. ಅದರ ಮೇಲೆ ಎಂಜಿನ್ ಆಯಿಲ್ ಹಾಕಿದರೆ ಟಾರಿನಂತೆ ಅಂಟುತ್ತದೆ. ಇದಕ್ಕೆ ನೀರೇ ಬೇಕು. ನಳಿಗೆಯನ್ನು ಮರದಿಂದ ಬಿಡಿಸಿ, ಹಂಡೆಯ ಕುದಿನೀರು ಹೊಯ್ದು, ಸ್ವಲ್ಪ ಸೋಪು ಹಾಕಿ ಗಜದಲ್ಲಿ ಉಜ್ಜಿ, ಮತ್ತೆ ಕುದಿನೀರು. ಬಿಸಿಗೆ ನಳಿಗೆ ತಾನೇ ಒಣಗುತ್ತದೆ. ಬೆಚ್ಚಗಿರುವಾಗಲೇ ಎಣ್ಣೆ. ಈಗ ಪುತ್ತರಿಯ ಮಾರನೇ ಬೆಳಿಗ್ಗೆ ನನ್ನ ಮೊದಲ ಕೆಲಸ ಇದೇ, ಕಾಫಿ ಆಮೇಲೆ.

ಇಡುವ ಜಾಗದಲ್ಲೂ ಒಮ್ಮೆ ಏಟು ತಿಂದಿದ್ದೇನೆ. ದುಡ್ಡು ಕೊಟ್ಟು ಒಳಗೆ ಸ್ಪಂಜು ಇರುವ ಚೆಂದದ ಕವರ್ ತಂದು, ಅದರಲ್ಲೇ ಮಳೆಗಾಲ ಪೂರ್ತಿ ಇಟ್ಟೆ. ಸ್ಪಂಜು ನೀರು ಕುಡಿದು ನಳಿಗೆಗೆ ಒತ್ತಿಕೊಂಡಿತ್ತು. ತೆಗೆದಾಗ ಒಂದು ಬದಿಗೆ ಅಂಗೈ ಅಗಲ ತುಕ್ಕು. ಕವರ್ ಇರುವುದು ಜೀಪಿನಲ್ಲಿ ಒಯ್ಯಲು, ಮನೆಯಲ್ಲಿ ಇಡಲು ಅಲ್ಲ. ಚರ್ಮದ್ದೂ ಹಾಗೇ. ಈಗ ಬೀರುವಿನ ಕೆಳಗಿನ ಖಾನೆಯಲ್ಲಿ ಜೀರೋ ಬಲ್ಬ್ ಒಂದು ಹಗಲು ರಾತ್ರಿ ಉರಿಯುತ್ತದೆ, ಇಲ್ಲಿ ಬಟ್ಟೆ ಬೀರುವಿಗೆ ಎಲ್ಲರೂ ಹಾಕುವ ಹಾಗೆ. ಎಲ್‌ಇಡಿ ಹಾಕಬೇಡಿ, ಬಿಸಿ ಬರುವ ಹಳೇ ಬಲ್ಬೇ ಆಗಬೇಕು. ಗಾಳಿಮಳೆಗೆ ಕರೆಂಟ್ ಹೋದರೆ ಐದಾರು ದಿನ ಬರುವುದಿಲ್ಲ, ಅದಕ್ಕೇ ಎಣ್ಣೆಯನ್ನೂ ಬಿಟ್ಟಿಲ್ಲ. ಕಕ್ಕಡ 18ಕ್ಕೆ, ಮದ್ದುಸೊಪ್ಪಿನ ಪಾಯಸದ ದಿನ, ಒಮ್ಮೆ ಬೀರು ತೆಗೆದು ಒರೆಸಿ ಮತ್ತೆ ಹಚ್ಚುತ್ತೇನೆ. ಬೇರೆ ತಾರೀಕು ನೆನಪಿರದು, ಅದು ಮರೆಯುವುದಿಲ್ಲ. ಆ ಸೊಪ್ಪಿನಿಂದ ಕೈಗೆ ಹತ್ತಿದ ನೇರಳೆ ಬಣ್ಣ ಮಾತ್ರ ಮೊದಲು ತೊಳೆದುಕೊಳ್ಳಬೇಕು.

ಈ ವರ್ಷ ಮೊಳೆಗಳನ್ನು ಮತ್ತೆ ನೇತುಹಾಕಿದೆ. "ಹಿಂದೆಲ್ಲ ಹಂದಿ ನೆಣ ಹಚ್ತಾ ಇದ್ದರು, ಅದನ್ನೂ ನೋಡು" ಅಂತ ಅವ್ವನ ಒತ್ತಾಯ. ಕರಗಿಸಿ ಸೋಸಿದ, ಉಪ್ಪು ಹಾಕದ ನೆಣವನ್ನು ಒಂದು ಮೊಳೆಗೆ ದಪ್ಪಗೆ ಹಚ್ಚಿದೆ. ಫಲಿತಾಂಶ ಹೇಳಲು ಆಗುತ್ತಿಲ್ಲ. ಎರಡನೇ ದಿನವೇ ನಾಯಿ ದಾರ ಸಮೇತ ಎಳೆದುಕೊಂಡು ಹೋಗಿದೆ.