ಒಂದೇ ಯುದ್ಧ, ಬೇರೆ ಬೇರೆ ರೂಲ್ಸ್: ನಾನು ತಾಳೆ ನೋಡಿದ ಬಗೆ

ಮಿನಿಯೇಚರ್ ಯುದ್ಧದಾಟದ (ಟೇಬಲ್ ಮೇಲೆ ಪುಟ್ಟ ಸೈನಿಕ ಗೊಂಬೆಗಳನ್ನಿಟ್ಟು ಆಡುವ ಆಟ) ರೂಲ್ಸ್ ಸೆಟ್‌ಗಳನ್ನು ಅಳೆದು ನೋಡುತ್ತೇನೆ ಎಂದಾಗ ಜೊತೆಯಲ್ಲಿ ಆಡುವವರು ನಕ್ಕಿದ್ದೇ ನಕ್ಕಿದ್ದು. “ಚೀಲದಿಂದ ದಾಳ ಎತ್ತೋ ಆಟಕ್ಕೂ ಕಮಾಂಡ್ ಡೈಸ್ ಆಟಕ್ಕೂ ಎತ್ತಣಿಂದೆತ್ತ ಸಂಬಂಧ ಮಾರಾಯಾ?” ಅಂದ ಒಬ್ಬ. ಈಗ ಅದೇ ಪುಣ್ಯಾತ್ಮ ಹೊಸ ರೂಲ್‌ಬುಕ್ ಕೊಳ್ಳುವ ಮುಂಚೆ ನಾನು ತಾಳೆ ನೋಡಿ ಬರೆದಿಟ್ಟ ಹಾಳೆ ಕೇಳುತ್ತಾನೆ.

ಎಲ್ಲರೂ ಮಾಡುವಂತೆ ನಾನೂ ಮೊದಲು ಲೆಕ್ಕದಿಂದಲೇ ಶುರು ಮಾಡಿದ್ದು. ಗುಂಡು ತಾಗಲು ದಾಳದಲ್ಲಿ 3 ಅಥವಾ ಹೆಚ್ಚು (3+ ಹಿಟ್), ಗಾಯವಾಗಲು 4+ (ವೂಂಡ್), ಎದುರಾಳಿ ಬಚಾವಾಗಲು 5+ (ಸೇವ್) ಅಂದರೆ ಹತ್ತು ಗುಂಡಿಗೆ ಎರಡು ಹೆಣ ಚಿಲ್ಲರೆ. ಸರಿ, ಆಮೇಲೆ? ಆ ಹತ್ತು ಗುಂಡು ಹಾರಿಸುವ ಸರದಿ ಸಿಗುತ್ತದೋ ಇಲ್ಲವೋ ಅನ್ನುವುದರಲ್ಲೇ ಆಟ ಇರುವುದು. ಅದು ಸ್ಪ್ರೆಡ್‌ಶೀಟ್‌ನಲ್ಲಿ ಕಾಣುವುದಿಲ್ಲ. ಪಾಯಿಂಟ್ಸ್ (ಪ್ರತಿ ತುಕಡಿಗೆ ರೂಲ್ಸ್ ಕಟ್ಟುವ ಬೆಲೆ) ಸಮ ಮಾಡಿ ನೋಡಿದೆ, ಅದೂ ಕೈಕೊಟ್ಟಿತು. ಒಂದು ಸೆಟ್‌ನ ಪಾಯಿಂಟ್ ಇನ್ನೊಂದರಲ್ಲಿ ಚಲಾವಣೆಯಾಗದ ನಾಣ್ಯ.

ಇಷ್ಟರಲ್ಲಿ ದುಡ್ಡು ಹೋಗುತ್ತಲೇ ಇತ್ತು. ವಾರ್‌ಹ್ಯಾಮರ್ 40,000 ಎಂಬ ಭವಿಷ್ಯದ ಯುದ್ಧದ ಆಟ ಆಡುವವರಿಗೆ ಹೇಳಬೇಕಿಲ್ಲ: 2017ರಲ್ಲಿ ಎಂಟನೇ ಆವೃತ್ತಿ, 2020ರಲ್ಲಿ ಒಂಬತ್ತು, 2023ರಲ್ಲಿ ಹತ್ತು. ಪ್ರತಿ ಸಲ ಮುಖ್ಯ ಪುಸ್ತಕ, ಅದರ ಬೆನ್ನಿಗೆ ಸೈನ್ಯದ ಪುಸ್ತಕ. ನನ್ನ ಅಂದಾಜಿನಲ್ಲಿ ಹವ್ಯಾಸಕ್ಕೆ ಸುರಿದಿದ್ದರಲ್ಲಿ ಮೂರನೇ ಒಂದು ಪಾಲು ಓದಿ ಕಪಾಟಿಗೆ ಸೇರಿದ ಪುಸ್ತಕಗಳದ್ದು. ಬಣ್ಣ ಹಚ್ಚಿಟ್ಟ ಸೈನಿಕರು ಮಾತ್ರ ಯಾವ ಆವೃತ್ತಿ ಬಂದರೂ ಇದ್ದಲ್ಲೇ ಇದ್ದಾರೆ. ಹಾಗಾದರೆ ಸೈನಿಕರನ್ನೇ ಅಳತೆಗೋಲು ಮಾಡಿದರೇನು ಅನ್ನಿಸಿತು.

ಎರಡನೇ ಮಹಾಯುದ್ಧದ 28 ಎಂಎಂ ಅಳತೆಯ ಗೊಂಬೆಗಳ ಪ್ಲಟೂನ್ (ಕಾಲಾಳುಗಳ ಸಣ್ಣ ತುಕಡಿ) ಎರಡೂ ಕಡೆ ಒಂದೊಂದು, ಆರಡಿ ನಾಲ್ಕಡಿ ಟೇಬಲ್, ನಡುವೆ ಒಂದು ಕೂಡುರಸ್ತೆ, ಅದನ್ನು ಹಿಡಿಯಬೇಕು. ಟ್ಯಾಂಕ್ ಇಲ್ಲ. ಪಾಯಿಂಟ್ಸ್ ಪಕ್ಕಕ್ಕಿಟ್ಟು ಪ್ಲಟೂನ್ ರಚನೆ ಹೇಗಿದೆಯೋ ಹಾಗೇ ಇಳಿಸಿದೆ. ಆಡಿ, ಪಕ್ಷ ಬದಲಿಸಿ ಮತ್ತೆ ಆಡಿ, ಆಮೇಲೆ ಬೇರೆ ರೂಲ್ಸ್. ಕೈಯಲ್ಲಿ ಸ್ಟಾಪ್‌ವಾಚ್. ಗೆದ್ದವರು ಯಾರು ಅನ್ನುವುದನ್ನು ನಾನು ಬರೆದಿಡುವುದೇ ಇಲ್ಲ. ಒಬ್ಬ ಆಟಗಾರ ಮಾಡಲು ಕೆಲಸವಿಲ್ಲದೆ ಎಷ್ಟು ಹೊತ್ತು ಕುಳಿತ, ನಿಜವಾದ ಆಯ್ಕೆ ಎಷ್ಟು ಸಲ ಅವನ ಮುಂದೆ ಬಂತು, ಇವೆರಡೇ. “ನಿಜವಾದ ಆಯ್ಕೆ” ಯಾವುದು ಅಂತ ಗುರುತಿಸಲು ಪ್ರತಿ ಆರ್ಡರ್ (ಒಂದು ಗುಂಪಿಗೆ ಕೊಡುವ ಆಜ್ಞೆ) ಮುಗಿದ ಮೇಲೆ ಒಂದು ಪ್ರಶ್ನೆ ಕೇಳುತ್ತೇನೆ. ಆ ಪ್ರಶ್ನೆ ಸದ್ಯಕ್ಕೆ ನನ್ನ ಬಳಿಯೇ ಇರಲಿ.

ಹೆಚ್ಚು ಕಾಡಿದ್ದು ಟೆರೇನ್, ಅಂದರೆ ಟೇಬಲ್ ಮೇಲಿನ ಬೇಲಿ, ಬಯಲುಗಳ ಜೋಡಣೆ. ಚೀಲದಿಂದ ದಾಳ ಎತ್ತುವ ಬೋಲ್ಟ್ ಆಕ್ಷನ್‌ನಲ್ಲಿ ರೈಫಲ್ ವ್ಯಾಪ್ತಿ 24 ಇಂಚು, ಓಡಿದರೆ 12 ಇಂಚು. ಹಾಗಾಗಿ 24 ಇಂಚಿನ ಬಯಲು ಎರಡು ಆರ್ಡರ್‌ನಲ್ಲಿ ದಾಟಿಯಾಯಿತು. ಕಮಾಂಡ್ ಡೈಸ್ ಉರುಳಿಸಿ ಆಡುವ ಚೈನ್ ಆಫ್ ಕಮಾಂಡ್‌ನಲ್ಲಿ (ನಾನು ಆಡುವುದು 2013ರ ಮೊದಲ ಆವೃತ್ತಿ) ಗುಂಡು ಕಣ್ಣಿಗೆ ಕಂಡಷ್ಟು ದೂರ ಹೋಗುತ್ತದೆ, ನಡೆಯಲು ಎರಡು ದಾಳ ಉರುಳಿಸಬೇಕು, ಸರಾಸರಿ ಏಳು ಇಂಚು. ಅದೇ ಬಯಲಿಗೆ ಮೂರು ನಾಲ್ಕು ಸರದಿ. ಮೊದಲ ಆಟದಲ್ಲಿ ಒಂದು ಸೆಕ್ಷನ್ (ಪ್ಲಟೂನಿನ ಒಂದು ಗುಂಪು) ಬಯಲ ನಡುವೆಯೇ ಮಲಗಿತು, ಅರ್ಧ ಗಂಟೆಯಲ್ಲಿ ಎಲ್ಲ ಮುಗಿಯಿತು. “ನೋಡಿದ್ಯಾ, ಹೋಲಿಕೆ ಆಗಲ್ಲ” ಅಂದರು ಜೊತೆಯವರು. ಪಾತ್ರೆ ತಿಕ್ಕುವ ಹಸಿರು ಸ್ಕ್ರಬ್ಬರ್ ಸೀಳಿ, ಅಂಚು ಹರಿದು, ಐಸ್‌ಕ್ರೀಮ್ ಕಡ್ಡಿಗೆ ಅಂಟಿಸಿ ರಾಶಿ ಬೇಲಿ ಮಾಡಿದೆ. ಟೇಬಲ್ಲಿನ ಮೇಲೆ ಎಲ್ಲಿಂದಲೂ ಎಲ್ಲಿಗೂ ಒಂದಡಿಗಿಂತ ಹೆಚ್ಚು ತೆರೆದ ಜಾಗ ಇಲ್ಲ ಅನ್ನುವಂತಾದ ಮೇಲೆ ಎರಡೂ ಸೆಟ್ ಉಸಿರಾಡತೊಡಗಿದವು.

ನೆನಪಿನಿಂದ ಹೇಳುವುದಾದರೆ, ದೊಡ್ಡ 40,000 ಆಟದಲ್ಲಿ ಎದುರಾಳಿಯ ಟರ್ನ್ ಮುಗಿಯಲು ಇಪ್ಪತ್ತೈದು ನಿಮಿಷ, ಅಷ್ಟೂ ಹೊತ್ತು ನಮ್ಮ ಪಾಲಿಗೆ ಹೆಚ್ಚಾಗಿ ಸೇವ್ ಉರುಳಿಸುವ ಕೆಲಸ. ಬೋಲ್ಟ್ ಆಕ್ಷನ್‌ನಲ್ಲಿ ಎರಡು ಮೂರು ನಿಮಿಷಕ್ಕೊಮ್ಮೆ ಕೈಗೆ ಕೆಲಸ. ಆದರೆ ಅಲ್ಲಿ ಯೂನಿಟ್‌ಗೊಂದು ದಾಳ, ಯಾರ ದಾಳ ಎದ್ದರೆ ಅವರ ಸರದಿ; ಚೀಲದಲ್ಲಿ ನನ್ನ ದಾಳ ಹತ್ತು, ನಿಮ್ಮದು ಆರು ಇದ್ದರೆ ಮೊದಲ ದಾಳ ನನ್ನದಾಗುವ ಸಾಧ್ಯತೆ ಶೇ. 62ರ ಮೇಲೆ. ಅಗ್ಗದ ಸಣ್ಣ ಯೂನಿಟ್ ತುಂಬಿದವನಿಗೆ ಲಾಭ. ಚೈನ್ ಆಫ್ ಕಮಾಂಡ್‌ನಲ್ಲಿ ಐದು ದಾಳದಲ್ಲಿ ಎರಡರಲ್ಲಿ 6 ಬಿದ್ದರೆ ಮುಂದಿನ ಫೇಸ್ (ಸರದಿ) ಕೂಡ ಉರುಳಿಸಿದವನದೇ, ಐದಕ್ಕೊಂದು ಸಲ ಹೀಗಾಗುತ್ತದೆ. ಕಾಯುವುದು ಹೆಚ್ಚು, ನಿಜ. ಆದರೆ ನನ್ನ ಹಾಳೆಯಲ್ಲಿ ಆಯ್ಕೆಗಳ ಗುರುತು ಬೋಲ್ಟ್ ಆಕ್ಷನ್‌ನ ಒಂದೂವರೆಪಟ್ಟು ಇತ್ತು. ಬಿದ್ದ ಐದು ದಾಳದಲ್ಲಿ ಯಾವುದನ್ನು ಯಾರಿಗೆ ಕೊಡಲಿ ಅಂತ ತಲೆ ಕೆರೆದುಕೊಳ್ಳುವುದೇ ಅಲ್ಲಿನ ಸುಖ.

ನಡುವೆ ಮಧ್ಯಯುಗದ ಕಡೆಗೂ ಒಂದು ಸುತ್ತು ಹೋಗಿಬಂದೆ. ಲಯನ್ ರ್‍ಯಾಂಪಂಟ್‌ನಲ್ಲಿ ಆರ್ಡರ್ ಫೇಲಾದರೆ ಟರ್ನ್ ಅಲ್ಲಿಗೇ ಮುಕ್ತಾಯ. ಎರಡು ದಾಳದಲ್ಲಿ 6+ ಬೇಕೆಂದರೆ ಸುಲಭ ಅನ್ನಿಸುತ್ತದೆ, ಆದರೆ ಸತತ ನಾಲ್ಕು ಯೂನಿಟ್ ಎಬ್ಬಿಸುವುದು ಹೆಚ್ಚುಕಮ್ಮಿ ನಾಲ್ಕಕ್ಕೊಂದು ಸಲ ಮಾತ್ರ. ಫೇಲಾದರೂ ಇನ್ನೊಂದು ಯೂನಿಟ್‌ಗೆ ಅವಕಾಶ ಕೊಟ್ಟು ನೋಡಿದೆ. ಆಟ ನುಣ್ಣಗಾಯಿತು, ರುಚಿ ಹೋಯಿತು. ಹಳೇ ರೂಲನ್ನೇ ವಾಪಸ್ ಹಾಕಿದೆ. ಡಿಬಿಎ ಎಂಬ ಪ್ರಾಚೀನ, ಮಧ್ಯಯುಗದ ಯುದ್ಧಗಳ ರೂಲ್ಸ್‌ಗೆ ಹನ್ನೆರಡು ಎಲಿಮೆಂಟ್ (ಒಟ್ಟಿಗೆ ಚಲಿಸುವ ಗುಂಪು) ಮಾಡಲು ಗೊಂಬೆಗಳ ಅಡಿಯ ಬೇಸ್ ಕೀಳಬೇಡಿ. ತಗಡಿನ ಟ್ರೇ, ಬೇಸ್ ಅಡಿಗೆ ಮ್ಯಾಗ್ನೆಟ್, ಸಾಕು. ಯಾವ ದಪ್ಪದ ಮ್ಯಾಗ್ನೆಟ್ ಅನ್ನುವುದನ್ನು ನೀವೇ ಒಂದಷ್ಟು ಹಾಳು ಮಾಡಿ ಕಲಿಯಿರಿ, ನಾನೂ ಹಾಗೇ ಕಲಿತದ್ದು.

ಟ್ಯಾಂಕ್ ಸೇರಿಸಿದ ಆಟಗಳು ಈಗ ನಡೆಯುತ್ತಿವೆ. ಒಂದು ಟ್ಯಾಂಕ್ ಬಂದರೆ ಸಾಕು, ಹಾಳೆಯ ಅರ್ಧ ಅದೇ ತಿನ್ನುತ್ತದೆ. ಹೊಸದಾಗಿ ಈ ಲೆಕ್ಕ ಶುರು ಮಾಡುವವರು ಅದನ್ನು ಪೆಟ್ಟಿಗೆಯಲ್ಲೇ ಬಿಡುವುದು ಒಳ್ಳೆಯದು.