ಡ್ರೆಸ್ಸಿಂಗ್ ಟ್ರಾಲಿಗಿಂತ ಮೊದಲು ಹಾಡು

ಆಪರೇಷನ್ ಆದವರಿಗೆ ಡ್ರೆಸ್ಸಿಂಗ್ ಟ್ರಾಲಿಯ ಸದ್ದು ಕೇಳಿದರೇ ಮೈ ಬಿಗಿಯುತ್ತದೆ. ಪ್ಲಾಸ್ಟರ್ ಇನ್ನೂ ಮುಟ್ಟಿರುವುದಿಲ್ಲ, ಆಗಲೇ ಹೊಟ್ಟೆ ಗಟ್ಟಿ ಹಿಡಿದಿರುತ್ತಾರೆ. ಬಿಗಿ ಹಿಡಿದಷ್ಟೂ ನೋವು ಜಾಸ್ತಿ. ಶಿವಮೊಗ್ಗದ ಸರ್ಜಿಕಲ್ ವಾರ್ಡಿನಲ್ಲಿ ನರ್ಸ್ ಆದ ನಾನು ಹಾಡು ಹಾಕಲು ಶುರು ಮಾಡಿದ್ದು ಈ ಭಯಕ್ಕಾಗಿ. ಹಾಡು ಕೇಳಿದರೆ ಗಾಯ ಬೇಗ ಮಾಯುತ್ತದೆ ಎನ್ನುವವರಿದ್ದಾರೆ, ನಾನು ಒಪ್ಪುವುದಿಲ್ಲ. 2015ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ 73 ಪ್ರಯೋಗಗಳನ್ನು ಒಟ್ಟಿಗೆ ನೋಡಿದ ವರದಿ ಬಂತು. ಸಂಗೀತ ಕೇಳಿದವರಿಗೆ ಆಪರೇಷನ್ ನಂತರದ ನೋವು, ಆತಂಕ ಕಡಿಮೆ ಇತ್ತು. ನೋವಿನ ಔಷಧಿಯೂ ಕಡಿಮೆ ಸಾಕಾಯಿತು. ಆಸ್ಪತ್ರೆಯಲ್ಲಿ ಉಳಿಯುವ ದಿನ ಮಾತ್ರ ಕಡಿಮೆಯಾಗಲಿಲ್ಲ.

ಡಾಕ್ಟರ್ ಬರೆದ ನೋವಿನ ಔಷಧಿ ಮೊದಲು. ಅದರ ಬದಲಿಗೆ ಹಾಡಲ್ಲ. ಔಷಧಿ ಹಿಡಿಯಲು ಹೊತ್ತು ಕೊಟ್ಟು, ಟ್ರಾಲಿ ತರುವ ಹತ್ತು ಹದಿನೈದು ನಿಮಿಷ ಮುಂಚೆ ಹಾಡು ಹಾಕುತ್ತೇನೆ. ಗ್ಲೌಸ್ ಹಾಕಿದ ಮೇಲೆ ಫೋನ್ ಮುಟ್ಟುವ ಹಾಗಿಲ್ಲ. ಹಾಗಾಗಿ ಎಲ್ಲ ಡೌನ್‌ಲೋಡ್ ಮಾಡಿಟ್ಟುಕೊಳ್ಳಬೇಕು. ಇಲ್ಲದಿದ್ದರೆ ಹೊಲಿಗೆ ಬಿಚ್ಚುವಾಗಲೇ ಜೋರಾಗಿ ಜಾಹೀರಾತು ಬರುತ್ತದೆ! ಇಯರ್‌ಫೋನ್ ಸ್ಪಿರಿಟ್‌ನಲ್ಲಿ ಒರೆಸಿ ಒಂದೇ ಕಿವಿಗೆ. ಇನ್ನೊಂದು ಕಿವಿಗೆ ನನ್ನ ಮಾತು ಕೇಳಬೇಕಲ್ವಾ?

ಯಾವ ಹಾಡು ಅನ್ನುವುದು ಅವರದೇ ಆಯ್ಕೆ. ತೀರ್ಥಹಳ್ಳಿ ಕಡೆಯ ಅಜ್ಜರೊಬ್ಬರು, ಶುಗರ್‌ನಿಂದ ಕಾಲಿನ ಬೆರಳು ತೆಗೆದಿತ್ತು. ಯಕ್ಷಗಾನವೇ ಬೇಕು ಅಂದರು. ಅಂಟಿದ ಗಾಜ್ ಬಟ್ಟೆಗೆ ಸಲೈನ್ ಹಾಕಿ ನೆನೆಯಲು ಬಿಟ್ಟಿದ್ದೆ. ಚಂಡೆ ಏರಿತು, ಕಾಲು ಅಲ್ಲಾಡತೊಡಗಿತು.

"ಅಜ್ಜಾ, ಕಾಲು ಕುಣಿಸಬೇಡಿ."

"ನಾನೆಲ್ಲಿ ಕುಣಿಸ್ತೀನಿ ಸಿಸ್ಟರೇ, ಅದೇ ಕುಣೀತದೆ."

ಮರುದಿನ ಗಮಕ, ಅಂದರೆ ರಾಗವಾಗಿ ಹಾಡುವ ಕಾವ್ಯವಾಚನ, ಕೇಳ್ತೀರಾ ಅಂದೆ. ಶಿವಮೊಗ್ಗ ಹತ್ತಿರದ ಹೊಸಹಳ್ಳಿಯ ಗಮಕ ಈ ಸೀಮೆಯವರಿಗೆ ಹೊಸದೇನಲ್ಲ. ಗಮಕಕ್ಕೆ ತಾಳದ ಕಟ್ಟಿಲ್ಲ, ಕಾಲಿಗೆ ಕೆಲಸವೂ ಇಲ್ಲ. ಮಹಾಭಾರತದ ಪದ್ಯ ಕೇಳುತ್ತಾ, ಮುಂದಿನ ಸಾಲು ತಾವೇ ಗುನುಗುತ್ತಾ ಮಲಗಿದ್ದರು. ಮನುಷ್ಯರ ಎಳೆದು ಬರುವ ದನಿ ರೋಗಿಗೆ ಹಿತ, ಪಿಯಾನೋದಂತೆ ತುಂಡು ತುಂಡಾದ ನಾದ ಹಿತವಲ್ಲ ಎಂದು ಆಧುನಿಕ ನರ್ಸಿಂಗ್‌ಗೆ ಬುನಾದಿ ಹಾಕಿದ ಫ್ಲಾರೆನ್ಸ್ ನೈಟಿಂಗೇಲ್ 1859ರಲ್ಲೇ ಬರೆದಿದ್ದರು. ಪಿಯಾನೋ ವಿಷಯ ನನಗೆ ಗೊತ್ತಿಲ್ಲ, ಚಂಡೆಯದ್ದಂತೂ ನೋಡಿದೆ.

ಹಾಡೇ ಬೇಡ ಅನ್ನುವವರೂ ಇದ್ದಾರೆ. ಅಂಥವರ ಹತ್ತಿರ ಅಡಿಕೆ ರೇಟು, ಮಳೆ ಅಂತ ಮಾತಾಡಿದರೆ ಸಾಕು.

ಡ್ರೆಸ್ಸಿಂಗ್‌ಗೆ ಮೊದಲು, ಆಮೇಲೆ ನೋವು ಹತ್ತರಲ್ಲಿ ಎಷ್ಟು ಎಂದು ಕೇಳಿ ಬರೆದಿಡುತ್ತೇನೆ. ನಿನ್ನೆ ಮೂರು ಅಂದವರು ಇಂದು ಹಾಡಿನ ನಡುವೆಯೂ ಏಳು ಅಂದರೆ ವಾಲ್ಯೂಮ್ ಏರಿಸುವುದಲ್ಲ. ಗಾಯದ ಸುತ್ತ ಕೆಂಪು, ಬಿಸಿ, ಕೀವು ಇದೆಯಾ ನೋಡಿ, ಜ್ವರ ಅಳೆದು, ಡಾಕ್ಟರನ್ನು ಕರೆಯಬೇಕು.