‘ಚಾರ್ಜ್’ ಕಂಡರೆ ಒಂದು ಕ್ಷಣ ನಿಲ್ಲಿ

ಇಂಗ್ಲಿಷ್ ಸುದ್ದಿಯನ್ನು ಕನ್ನಡಕ್ಕೆ ತರುವವರಿಗೆ ಒಂದು ಮಾತು. ‘ಚಾರ್ಜ್’ ಕಂಡ ತಕ್ಷಣ ಸುಮ್ನೆ ‘ಆರೋಪ’ ಅಂತ ಬರೆಯಬೇಡಿ. ನಾನೇ ಹೊಸದರಲ್ಲಿ ‘ಕಾಡಾನೆ ರೈತನ ಮೇಲೆ ಆರೋಪ ಹೊರಿಸಿತು’ ಅಂತ ಬರೆದಿದ್ದೆ! ಆನೆ ಎರಗಿತ್ತು ಅಷ್ಟೇ. ಜೊತೆಗೆ ‘ಟೇಕ್’ ಇದ್ದರೆ ಅಧಿಕಾರ ವಹಿಸಿಕೊಂಡರು. ‘ಇನ್‌ಚಾರ್ಜ್’ ಇನ್ನೂ ತಮಾಷೆ: ಸಚಿವರಾದರೆ ಜಿಲ್ಲಾ ಉಸ್ತುವಾರಿ, ಪ್ರಾಂಶುಪಾಲರಾದರೆ ಪ್ರಭಾರ. ಬ್ಯಾಂಕಿನದು ಶುಲ್ಕ, ಲಾಠಿಯದು ಪ್ರಹಾರ.

ಜಾಸ್ತಿ ಎಡವುವುದು ಕೋರ್ಟ್ ಸುದ್ದಿಯಲ್ಲಿ. ಚಾರ್ಜ್‌ಶೀಟ್ ಅಂದರೆ ತನಿಖೆ ಮುಗಿಸಿ ಪೊಲೀಸರು ಸಲ್ಲಿಸುವ ದೋಷಾರೋಪ ಪಟ್ಟಿ. ‘ಚಾರ್ಜ್ ಫ್ರೇಮ್’ ಮಾಡುವುದು, ಅಂದರೆ ಯಾವ ಆರೋಪಗಳ ಮೇಲೆ ವಿಚಾರಣೆ ನಡೆಯಬೇಕು ಅಂತ ಗೊತ್ತುಮಾಡುವುದು, ನ್ಯಾಯಾಧೀಶರು, ಅದೂ ಆಮೇಲೆ. ಅದನ್ನು ‘ದೋಷಾರೋಪ ನಿಗದಿ’ ಅನ್ನಿ. ‘ಪೊಲೀಸರು ದೋಷಾರೋಪ ನಿಗದಿ ಮಾಡಿದರು’ ಅಂತ ಬರೆದರೆ ಸುದ್ದಿಯೇ ತಪ್ಪಾಯಿತು ಅಲ್ವಾ? ವಾಕ್ಯದಲ್ಲಿ ಚಾರ್ಜ್ ಮಾಡಿದ್ದು ಯಾರು ಅಂತ ಮೊದಲು ಹುಡುಕಿ, ಆಮೇಲೆ ಕನ್ನಡ ಪದ ಆರಿಸಿ.